ಎಂಟು ಇಂಚಿನ ಸಬ್‌ವೂಫರ್‌ಗೆ ಎಷ್ಟು ಗಾಳಿ ಬೇಕು?

ಮೇ ತಿಂಗಳ ಕೊನೆಯ ವಾರ. ಪಕ್ಕದ ತೋಟದ ಹುಡುಗ ಸಂಜೆ ಹೊತ್ತಿಗೆ ಕಾರು ತಂದು ನಮ್ಮ ಕಾಫಿ ಕಣದಲ್ಲಿ ನಿಲ್ಲಿಸಿದ. ಡಿಕ್ಕಿ ತೆರೆದರೆ ಒಳಗೆ ಕಪ್ಪು ಬಟ್ಟೆ ಅಂಟಿಸಿದ ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ 8 ಇಂಚಿನ ಹೊಸ ಸಬ್‌ವೂಫರ್, ಅಂದರೆ ಬೇಸ್ ಅನ್ನುವ ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್. ‘ಅಣ್ಣಾ, ಬೇಸ್ ಬರ್ತಾನೇ ಇಲ್ಲ. ಬರೀ ದಬದಬ ಅನ್ನುತ್ತೆ. ಇನ್ನೂ ದೊಡ್ಡ ಆಂಪ್ ಹಾಕಿಸ್ಬೇಕಾ?’ ಅಂತ ಕೇಳಿದ.

ನಾನು ಒಳಗೆ ಹೋಗಿ ಒಂದು ಊದುಬತ್ತಿ ಹಚ್ಚಿಕೊಂಡು ಬಂದೆ. ಕಾರನ್ನು ಶೆಡ್ಡಿನೊಳಗೆ ತರಿಸಿ, ಗಾಳಿ ಬಾರದ ಹಾಗೆ ಬಾಗಿಲು ಹಾಕಿ, ಹಾಡು ಹಾಕಿಸಿದೆ. ಊದುಬತ್ತಿಯನ್ನು ಪೆಟ್ಟಿಗೆಯ ಅಂಚಿನ ಹತ್ತಿರ ನಿಧಾನವಾಗಿ ಸರಿಸುತ್ತಾ ಹೋದೆ. ಎಡಗಡೆ ಎರಡೂ ಮೂಲೆಯಲ್ಲಿ ಹೊಗೆ ನೂಲು ಹಿಡಿದ ಹಾಗೆ ನೆಟ್ಟಗೆ ಏರಿತು. ಬಲಗಡೆ ಕೆಳಮೂಲೆಗೆ ಬಂದಾಗ ಡ್ರಮ್ಮಿನ ಪ್ರತಿ ಏಟಿಗೂ ಹೊಗೆ ಪಕ್ಕಕ್ಕೆ ಚಿಮ್ಮಿತು, ಮತ್ತೆ ಒಳಕ್ಕೆ ಎಳೆದುಕೊಂಡಿತು. ವೈರ್ ಹೊರಬರುವ ತೂತಿನ ಹತ್ತಿರವೂ ಹಾಗೇ. ಪೆಟ್ಟಿಗೆ ಎರಡು ಕಡೆ ಉಸಿರಾಡುತ್ತಿತ್ತು.

ಆಮೇಲೆ ಟೇಪ್ ಹಿಡಿದು ಅಳೆದೆವು. ಸಬ್‌ವೂಫರ್ ಜೊತೆ ಬಂದ ಚೀಟಿಯಲ್ಲಿ 15 ಲೀಟರ್ ಪೆಟ್ಟಿಗೆ ಬೇಕು ಅಂತ ಇತ್ತು. ಇವನ ಪೆಟ್ಟಿಗೆಯ ಒಳಗಿದ್ದದ್ದು ಸರಿಯಾಗಿ 5 ಲೀಟರ್. ಆಂಪ್‌ನಲ್ಲಿ, ಅಂದರೆ ಆಂಪ್ಲಿಫೈಯರಿನಲ್ಲಿ, ಏನೂ ತಪ್ಪಿರಲಿಲ್ಲ. ಸಬ್‌ವೂಫರ್ ಕೂಡ ಒಳ್ಳೆಯದೇ. ಅದಕ್ಕೆ ಬೇಕಾದಷ್ಟು ಗಾಳಿಯನ್ನು ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಬಿಡುವಾದಾಗ ಸ್ನೇಹಿತರ ಕಾರು, ಜೀಪಿಗೆ ಪೆಟ್ಟಿಗೆ ಮಾಡಿಕೊಡುವುದು ಬಹಳ ವರ್ಷದ ಹವ್ಯಾಸ. ಬಂದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ‘ಎಷ್ಟು ವಾಟ್?’ ಅಂತಲೇ. ಕೇಳಬೇಕಾದದ್ದು ‘ಎಷ್ಟು ಲೀಟರ್?’ ಅಂತ. ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪೆಟ್ಟಿಗೆ ಯಾಕೆ ಬೇಕು ಅನ್ನುವುದನ್ನು ನೋಡೋಣ. ಸ್ಪೀಕರಿನ ಕೋನ್, ಅಂದರೆ ಮುಂದೆ ಕಾಣುವ, ಅಲುಗಾಡುವ ಬಟ್ಟಲಿನಂಥ ಭಾಗ, ಮುಂದಕ್ಕೆ ಹೋದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಮುಂದಿನ ಒತ್ತಡ ಅಂಚು ಸುತ್ತಿಕೊಂಡು ಹಿಂದಕ್ಕೆ ಹೋಗಿ ಆ ಸಡಿಲವನ್ನು ತುಂಬಿಬಿಡುತ್ತದೆ. ಒಂದನ್ನೊಂದು ತಿಂದುಹಾಕುತ್ತವೆ. ಎತ್ತರದ ಸ್ವರಗಳ ಅಲೆ ಚಿಕ್ಕದು, ಸುತ್ತಿಕೊಂಡು ಹೋಗುವಷ್ಟರಲ್ಲಿ ಮುಂದಿನ ಅಲೆ ಹೊರಟಿರುತ್ತದೆ. ಆದರೆ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ, ಅಲೆಯ ಉದ್ದ ಸುಮಾರು 7 ಮೀಟರ್, ಕಾರಿಗಿಂತಲೂ ಉದ್ದ. ಅದರ ಮುಂದೆ ಅಂಗೈಯಗಲದ ಕೋನ್ ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ಹಳೆಯ ಸ್ಪೀಕರ್ ಇದ್ದರೆ ಬಿಚ್ಚಿ ಕೈಯಲ್ಲಿ ಹಿಡಿದು ಹಾಡು ಕೇಳಿ, ಬರೀ ಕಿರುಚಾಟ. ಅದನ್ನೇ ಒಂದು ರಟ್ಟಿನ ಡಬ್ಬಕ್ಕೆ ತೂತು ಕೊರೆದು ಅದರ ಮೇಲೆ ಒತ್ತಿ ಹಿಡಿಯಿರಿ. ಎಲ್ಲಿಂದಲೋ ಬೇಸ್ ಬಂದುಬಿಡುತ್ತದೆ. ಡಬ್ಬ ಹೊಸ ಸದ್ದನ್ನೇನೂ ಹುಟ್ಟಿಸಲಿಲ್ಲ. ಇದ್ದ ಸದ್ದು ನಾಶವಾಗದ ಹಾಗೆ ನೋಡಿಕೊಂಡಿತು.

ಕೆಳಗಿನ ಸ್ವರಕ್ಕೆ ಗಾಳಿಯನ್ನು ರಾಶಿಗಟ್ಟಲೆ ನೂಕಬೇಕು. ಒಂದು ಸ್ಥಾಯಿ ಕೆಳಗೆ ಇಳಿದು ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿ ನೂಕಬೇಕಾಗುತ್ತದೆ. 80 ಹರ್ಟ್ಸ್‌ನಿಂದ 40ಕ್ಕೆ ಬಂದರೆ ನಾಲ್ಕು ಪಟ್ಟು, 20ಕ್ಕೆ ಇಳಿದರೆ ಹದಿನಾರು ಪಟ್ಟು. ಆನೆಗಳು ತಮ್ಮತಮ್ಮಲ್ಲಿ ನಮ್ಮ ಕಿವಿಗೆ ಕೇಳದ ತಗ್ಗು ಸದ್ದಿನಲ್ಲಿ ಮಾತಾಡುತ್ತವೆ ಅಂತ 1980ರ ದಶಕದಲ್ಲಿ ಕೇಟಿ ಪೇನ್ ಮತ್ತು ಜೊತೆಗಾರರು ಕಂಡುಹಿಡಿದರು. ಏಷ್ಯಾದ ಆನೆಗಳ ಆ ಗುಡುಗು 14ರಿಂದ 24 ಹರ್ಟ್ಸ್ ಅಂತ ಅಳೆದರು. ದುಬಾರೆಯಲ್ಲಿ ಆನೆಯ ಪಕ್ಕ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಷ್ಟು ತಗ್ಗಿನ ಸದ್ದು ಹೊರಡಿಸುವುದಕ್ಕೆ ಅಷ್ಟು ದೊಡ್ಡ ಒಡಲೇ ಬೇಕು. 8 ಇಂಚಿನ ಕೋನಿನ ವಿಸ್ತೀರ್ಣ ಸುಮಾರು 215 ಚದರ ಸೆಂಟಿಮೀಟರ್. 12 ಇಂಚಿನದ್ದು 490ರ ಆಸುಪಾಸು, ಅಂದರೆ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಚಿಕ್ಕ ಸಬ್‌ನಿಂದ ಆನೆಯ ಸದ್ದು ಕೇಳಬೇಡಿ. ಅದು 45-50 ಹರ್ಟ್ಸ್‌ವರೆಗೆ ಶುದ್ಧವಾಗಿ ನುಡಿದರೆ ಸಾಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಡ್ರಮ್ ಸೆಟ್ಟಿನ ಕಿಕ್ ಡ್ರಮ್ಮಿನ ಜೀವ ಹೆಚ್ಚಾಗಿ 50ರಿಂದ 80ರ ನಡುವೆ. ನಾವು ಕೇಳುವ ಹಾಡುಗಳಲ್ಲಿ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗ್. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿ. ಹಿಡಿಕೆ ಹಿಂದಕ್ಕೆ ಪುಟಿಯುತ್ತದೆ, ಅಲ್ವಾ? ಪಂಪಿನಲ್ಲಿ ಗಾಳಿ ಜಾಸ್ತಿ ಇದ್ದರೆ ಸ್ಪ್ರಿಂಗ್ ಮೆತ್ತಗೆ, ಕಡಿಮೆ ಇದ್ದರೆ ಬಿಗಿ. ಕೋನ್ ಹಿಂದೆಯೂ ಇದೇ ಆಗುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಇದನ್ನೇ ಬಂಡವಾಳ ಮಾಡಿಕೊಂಡರು. ಸ್ಪೀಕರಿನ ಸ್ವಂತ ಸ್ಪ್ರಿಂಗನ್ನು, ಅಂದರೆ ಕೋನನ್ನು ಹಿಡಿದು ಹಿಂದಕ್ಕೆ ಎಳೆಯುವ ಭಾಗವನ್ನು, ಬೇಕಂತಲೇ ಸಡಿಲ ಮಾಡಿ, ಆ ಕೆಲಸವನ್ನು ಪೆಟ್ಟಿಗೆಯ ಗಾಳಿಗೆ ವಹಿಸಿದರು. ಅಲ್ಲಿಯವರೆಗೆ ಬೀರುವಿನಷ್ಟು ದೊಡ್ಡ ಡಬ್ಬದಿಂದ ಬರುತ್ತಿದ್ದ ಬೇಸ್ ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ಬಂತು. ಇವತ್ತು ನಮ್ಮ ಕಾರಿನಲ್ಲಿರುವುದು ಅದೇ ಉಪಾಯ.

ವಿಲ್ಚರ್ ಜೊತೆಗಾರರ ಬಳಗದಲ್ಲೇ ಇದ್ದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಚಿಕ್ಕ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಾಟ್‌ಗೆ ಜೋರು ಸದ್ದು. ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಬೇಕು. ‘ಚಿಕ್ಕದಾಗಿರಲಿ, ಆಳವಾಗಿರಲಿ, ಸಣ್ಣ ಆಂಪ್‌ನಲ್ಲೇ ಓಡಲಿ’ ಅಂತ ಕೇಳಿಕೊಂಡು ಬರುವವರಿಗೆ ಮೊದಲು ಇದನ್ನು ಹೇಳಿ ಕೂರಿಸಿಕೊಳ್ಳುತ್ತೇನೆ.

ಇನ್ನು ಚೀಟಿಯ ಲೆಕ್ಕ. ಸಬ್‌ವೂಫರ್ ಜೊತೆ ಬರುವ ಕಾಗದದಲ್ಲಿ ಒಂದು ಪಟ್ಟಿ ಇರುತ್ತದೆ. ಜನ ಅದನ್ನು ಸುಮ್ನೆ ಎಸೆಯುತ್ತಾರೆ. ಎಸೆಯಬೇಡಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿದ, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಪೂರ್ತಿ ಮಾಡಿದ ಲೆಕ್ಕ ಅದು. ಅದರಲ್ಲಿ ನಮಗೆ ಬೇಕಾದದ್ದು ಮೂರೇ ಮೂರು. ಎಫ್‌ಎಸ್ ಅಂದರೆ ಕೋನ್ ತನ್ನಷ್ಟಕ್ಕೆ ತೂಗುವ ವೇಗ. ಉಯ್ಯಾಲೆಗೆ ಒಂದು ಸ್ವಂತ ಲಯ ಇರುತ್ತದಲ್ಲ, ಹಾಗೆ. ಕ್ಯೂಟಿಎಸ್ ಅಂದರೆ ಆ ತೂಗಾಟಕ್ಕೆ ಎಷ್ಟು ಹಿಡಿತ ಇದೆ ಅನ್ನುವುದು. ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ. ವಿಎಎಸ್ ಅಂದರೆ ಕೋನಿನ ಸ್ವಂತ ಸ್ಪ್ರಿಂಗ್ ಎಷ್ಟು ಲೀಟರ್ ಗಾಳಿಯ ಸ್ಪ್ರಿಂಗಿಗೆ ಸಮ ಅನ್ನುವುದು.

ಆ ಹುಡುಗನ ಸಬ್‌ದೇ ಲೆಕ್ಕ ಹಾಕೋಣ. ಎಫ್‌ಎಸ್ 36 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 15 ಲೀಟರ್. ವಿಎಎಸ್‌ನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಬೇಕು. ಬಂದ ಅಂಕಿಯಿಂದ ಎಫ್‌ಎಸ್‌ನ್ನೂ ಕ್ಯೂಟಿಎಸ್‌ನ್ನೂ ಗುಣಿಸಬೇಕು. 15 ಲೀಟರ್ ಪೆಟ್ಟಿಗೆಯಾದರೆ 15 ಭಾಗಿಸು 15 ಅಂದರೆ 1, ಕೂಡಿಸಿದರೆ 2, ವರ್ಗಮೂಲ 1.41. ಪೆಟ್ಟಿಗೆಯಲ್ಲಿ ಕೂತ ಕೋನಿನ ಲಯ 51 ಹರ್ಟ್ಸ್‌ಗೆ ಏರುತ್ತದೆ, ಹಿಡಿತದ ಅಂಕಿ, ಅಂದರೆ ಕ್ಯೂ, 0.707 ಆಗುತ್ತದೆ. ಈ 0.707 ಅನ್ನುವುದು ಎಲ್ಲರೂ ಬಯಸುವ ಅಂಕಿ. ಬೇಸ್ ಎಲ್ಲೂ ಉಬ್ಬದೆ, ಸಮವಾಗಿ ಬಂದು ಮೆಲ್ಲಗೆ ಇಳಿಯುತ್ತದೆ.

ಅದೇ ಸಬ್‌ನ್ನು 5 ಲೀಟರಿನಲ್ಲಿ ಕೂರಿಸಿ. 15 ಭಾಗಿಸು 5 ಅಂದರೆ 3, ಕೂಡಿಸಿದರೆ 4, ವರ್ಗಮೂಲ 2. ಲಯ 72 ಹರ್ಟ್ಸ್‌ಗೆ ಹೋಯಿತು, ಕ್ಯೂ 1 ಆಯಿತು. 72ರ ಕೆಳಗೆ ಸದ್ದು ಜಾರಿಬೀಳುತ್ತದೆ, 100ರ ಆಸುಪಾಸಿನಲ್ಲಿ ಗುಡ್ಡದ ಹಾಗೆ ಉಬ್ಬುತ್ತದೆ. ‘ಬರೀ ದಬದಬ’ ಅಂದನಲ್ಲ, ಆ ದಬದಬ ಈ ಗುಡ್ಡವೇ. ವಾಟ್ ಜಾಸ್ತಿ ಮಾಡಿದ್ದರೆ ಗುಡ್ಡ ಇನ್ನೂ ಎತ್ತರ ಆಗುತ್ತಿತ್ತು, ಬೇಸ್ ಬರುತ್ತಿರಲಿಲ್ಲ. ಇನ್ನೊಂದು ಕಡೆಗೆ ಹೋಗಿ 30 ಲೀಟರ್ ಕೊಟ್ಟರೆ ಕ್ಯೂ 0.61, ಲಯ 44. ಕೇಳುವುದಕ್ಕೆ ಮೆತ್ತಗೆ, ಸೊಗಸು. ಆದರೆ ಗಾಳಿಯ ಹಿಡಿತ ಸಡಿಲ, ಜೋರು ಮಾಡಿದರೆ ಕೋನ್ ಮಿತಿ ಮೀರಿ ಓಡಾಡುತ್ತದೆ. ಚಿಕ್ಕ ಸಬ್‌ಗೆ ಸಾಮಾನ್ಯವಾಗಿ 0.7ರಿಂದ 0.8ರ ನಡುವೆ ಕೂರಿಸುವುದು ನನ್ನ ಅಭ್ಯಾಸ.

ಒಬ್ಬರು ಕೇಳಿದ್ದರು, ಮಡಿಕೇರಿ ಎತ್ತರದಲ್ಲಿದೆ, ಗಾಳಿ ತೆಳು, ಲೆಕ್ಕ ಬದಲಾಗುವುದಿಲ್ವಾ ಅಂತ. ಒಳ್ಳೆಯ ಪ್ರಶ್ನೆ, ನನಗೆ ತುಂಬಾ ಇಷ್ಟವಾಯಿತು. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 12-13 ಶೇಕಡಾ ಕಡಿಮೆ. ಗಾಳಿಯ ಸ್ಪ್ರಿಂಗ್ ಅಷ್ಟೇ ಮೆತ್ತಗಾಗುತ್ತದೆ. ಲೆಕ್ಕ ಹಾಕಿದರೆ 0.707 ಇದ್ದದ್ದು 0.68 ಆಗುತ್ತದೆ. ನಿಜವಾದ ವ್ಯತ್ಯಾಸ, ಆದರೆ ಕಿವಿಗೆ ತಿಳಿಯುವಷ್ಟಲ್ಲ. ಮಂಗಳೂರಿಗೆ ಇಳಿಯುವಾಗ ಪೆಟ್ಟಿಗೆ ಬದಲಾಯಿಸಬೇಕಾಗಿಲ್ಲ.

ಲೀಟರ್ ಅಳೆಯುವಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಹೊರಗಿನಿಂದ ಅಳೆಯುವುದು. ಹೊರಗೆ 40, 30, 22 ಸೆಂಟಿಮೀಟರ್ ಇರುವ ಪೆಟ್ಟಿಗೆ ನೋಡುವುದಕ್ಕೆ 26 ಲೀಟರ್. ಹಲಗೆ 18 ಮಿಲಿಮೀಟರ್ ದಪ್ಪ ಇದ್ದರೆ ಪ್ರತಿ ಅಳತೆಯಲ್ಲೂ 3.6 ಸೆಂಟಿಮೀಟರ್ ಹೋಯಿತು. ಒಳಗೆ ಉಳಿಯುವುದು 36.4, 26.4, 18.4. ಗುಣಿಸಿ ಸಾವಿರದಿಂದ ಭಾಗಿಸಿದರೆ 17.7 ಲೀಟರ್. ಮೂರರಲ್ಲಿ ಒಂದು ಪಾಲು ಹಲಗೆಯೇ ತಿಂದಿತು. ಒಳಗಿನ ಆಧಾರದ ಪಟ್ಟಿಗೆ ಮುಕ್ಕಾಲು ಲೀಟರ್, ಸಬ್‌ನ ಮ್ಯಾಗ್ನೆಟ್ ಮತ್ತು ಬುಟ್ಟಿಯಂಥ ಚೌಕಟ್ಟಿಗೆ ಒಂದು ಲೀಟರ್ ಕಳೆಯಿರಿ. ಕೊನೆಗೆ 16. ಚಿಕ್ಕ ಪೆಟ್ಟಿಗೆಯಲ್ಲಿ ಈ ಕಳೆಯುವ ಲೆಕ್ಕವೇ ಎಲ್ಲ.

ಹೊರದೇಶದ ಚೀಟಿಯಲ್ಲಿ ಲೀಟರ್ ಬದಲು ಘನ ಅಡಿ ಇರುತ್ತದೆ. ನಮಗೆ ಅದೇನೂ ಹೊಸತಲ್ಲ. ಸಿಲ್ವರ್ ಓಕ್ ಮರ ಮಾರುವಾಗ ಸಿಎಫ್‌ಟಿ ಅಂತ ಲೆಕ್ಕ ಹಾಕುತ್ತೇವಲ್ಲ, ಅದೇ. ಒಂದು ಸಿಎಫ್‌ಟಿ ಅಂದರೆ 28.3 ಲೀಟರ್. ಚೀಟಿಯಲ್ಲಿ 0.5 ಅಂತ ಇದ್ದರೆ 14 ಲೀಟರ್ ಅಂದುಕೊಳ್ಳಿ.

ಪೆಟ್ಟಿಗೆ ಚೌಕವಾಗಿಯೇ ಇರಬೇಕು ಅಂತಿಲ್ಲ. ಬೇಸ್ ಅಲೆಗಳು ಅಷ್ಟು ಉದ್ದ ಇರುವುದರಿಂದ ಆಕಾರ ಅವಕ್ಕೆ ಗೊತ್ತೇ ಆಗುವುದಿಲ್ಲ, ಒಟ್ಟು ಗಾಳಿ ಎಷ್ಟು ಅನ್ನುವುದು ಮಾತ್ರ ಗೊತ್ತಾಗುತ್ತದೆ. ಹಿಂದಿನ ಸೀಟಿನ ಬೆನ್ನು ಓರೆಯಾಗಿದ್ದರೆ ಪೆಟ್ಟಿಗೆಯನ್ನೂ ಓರೆ ಮಾಡಿ. ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಅರ್ಧ ಮಾಡಿ, ಎತ್ತರ ಮತ್ತು ಅಗಲದಿಂದ ಗುಣಿಸಿದರೆ ಮುಗಿಯಿತು. ಡಿಕ್ಕಿಯ ಪಕ್ಕದ ಗುಳಿಯಲ್ಲಿ ಫೈಬರ್ ಗ್ಲಾಸ್ ಅಚ್ಚು ಹಾಕಿದರೆ ಟೇಪ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನಾನು ಭತ್ತ ಬಳಸುತ್ತೇನೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಲೀಟರಿನ ಡಬ್ಬದಲ್ಲಿ ಭತ್ತ ಅಳೆದು ಅಳೆದು ತುಂಬುವುದು. ಹದಿಮೂರು ಡಬ್ಬ ಹಿಡಿಸಿದರೆ ಹದಿಮೂರು ಲೀಟರ್. ನೀರು ಹಾಕಿ ಅಳೆಯಬಹುದು, ಆದರೆ ಸೋರಿದರೆ ಕಾರಿನ ಕಾರ್ಪೆಟ್ ಒಣಗಿಸುವುದಕ್ಕೆ ನಮ್ಮ ಊರಲ್ಲಿ ಬಿಸಿಲು ಬೇಕಲ್ಲ.

ಹಲಗೆ ಮುಟ್ಟುವ ಮೊದಲು ಫ್ರಿಜ್ ಬಂದ ರಟ್ಟಿನ ಡಬ್ಬ ಕತ್ತರಿಸಿ ಪೆಟ್ಟಿಗೆಯ ಮಾದರಿ ಮಾಡಿ ಕಾರಿನಲ್ಲಿಟ್ಟು ನೋಡಿ. ಸ್ಟೆಪ್ನಿ ತೆಗೆಯಲು ಆಗುತ್ತಾ? ಡಿಕ್ಕಿ ಮುಚ್ಚುತ್ತಾ? ಸೀಟ್ ಹಿಂದಕ್ಕೆ ಸರಿಯುತ್ತಾ? ಆಳವನ್ನೂ ನೋಡಿ. ಮಾಮೂಲಿ 8 ಇಂಚಿನ ಸಬ್‌ಗೆ ಒಳಗೆ 10-12 ಸೆಂಟಿಮೀಟರ್ ಆಳ ಬೇಕು. ಸೀಟ್ ಕೆಳಗೆ ಹಾಕುವುದಾದರೆ ತೆಳು ಮಾದರಿಯವು 7-8 ಸೆಂಟಿಮೀಟರಿಗೆ ಸಿಗುತ್ತವೆ. ಮ್ಯಾಗ್ನೆಟ್‌ನ ಬೆನ್ನಲ್ಲಿ ತೂತು ಇದ್ದರೆ ಅದರ ಹಿಂದೆ ಕನಿಷ್ಠ ಎರಡೂವರೆ ಸೆಂಟಿಮೀಟರ್ ಖಾಲಿ ಬಿಡಿ. ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ತಣ್ಣಗಾಗುವುದು ಆ ತೂತಿನಿಂದ.

ಇನ್ನು ಕಾರು, ಜೀಪಿನ ಭೇದ. ನಮ್ಮ ಕಡೆ ಇದು ಬಹಳ ದೊಡ್ಡ ವಿಷಯ. ಕಿಟಕಿ ಮುಚ್ಚಿದ ಚಿಕ್ಕ ಕಾರು ತಾನೇ ಒಂದು ಪೆಟ್ಟಿಗೆ. ಒಳಗಿನ ಉದ್ದ ಎರಡೂವರೆ ಮೀಟರ್ ಇದ್ದರೆ ಸುಮಾರು 68 ಹರ್ಟ್ಸ್ ಕೆಳಗಿನ ಅಲೆಯ ಅರ್ಧವೂ ಅದರಲ್ಲಿ ಹಿಡಿಸುವುದಿಲ್ಲ. ಆಗ ಸಬ್ ಅಲೆ ಕಳಿಸುವುದರ ಬದಲು ಇಡೀ ಕ್ಯಾಬಿನ್ನಿನ ಒತ್ತಡವನ್ನೇ ಏರಿಸಿ ಇಳಿಸುತ್ತದೆ. ಕೆಳಗೆ ಹೋದಷ್ಟೂ ಇದರ ನೆರವು ಜಾಸ್ತಿ. ಮುಚ್ಚಿದ ಪೆಟ್ಟಿಗೆಯ ಬೇಸ್ ಸ್ಥಾಯಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಕ್ಯಾಬಿನ್ ಲೆಕ್ಕದಲ್ಲಿ ಅಷ್ಟೇ ಏರಿಸಿಕೊಡುತ್ತದೆ. ನಿಜವಾದ ಕಾರಿನಲ್ಲಿ ಬಾಗಿಲ ಸಂದು, ತೆಳು ತಗಡು ಎಲ್ಲ ಸೇರಿ ಸ್ವಲ್ಪ ಕಡಿಮೆ ಸಿಗುತ್ತದೆ. ಆದರೂ ಮನೆಯಲ್ಲಿ 50ಕ್ಕೆ ನಿಲ್ಲುವ ಸಬ್ ಕಾರಿನಲ್ಲಿ 35ರವರೆಗೂ ಕೇಳಿಸುವುದು ಇದರಿಂದಲೇ. ಚಿಕ್ಕ ಸಬ್ ಕಾರಿಗೆ ಹೇಳಿಮಾಡಿಸಿದ ಹಾಗೆ ಹೊಂದುವುದಕ್ಕೆ ಮುಖ್ಯ ಕಾರಣವೂ ಇದೇ.

ಟಾರ್ಪಾಲಿನ ಹುಡ್ ಇರುವ ಜೀಪಿನಲ್ಲಿ ಈ ನೆರವು ಇಲ್ಲ. ಒತ್ತಡ ನಿಲ್ಲುವುದೇ ಇಲ್ಲ, ಬಟ್ಟೆ ದಾಟಿ ಕಾಫಿ ಗಿಡಗಳ ಪಾಲಾಗುತ್ತದೆ. ಕಾರಿನಲ್ಲಿ ಚೆನ್ನಾಗಿದ್ದ 8 ಇಂಚಿನ ಪೆಟ್ಟಿಗೆಯನ್ನು ಹಾಗೇ ಎತ್ತಿ ಜೀಪಿಗೆ ಇಟ್ಟು, ಕೆಟ್ಟುಹೋಯಿತು ಅಂದುಕೊಂಡವರನ್ನು ಕಂಡಿದ್ದೇನೆ. ಜೀಪಿಗೆ ನಾನು ಎರಡು 8 ಇಂಚಿನವು ಹಾಕಿ ಅನ್ನುತ್ತೇನೆ. ಎರಡರ ವಿಸ್ತೀರ್ಣ ಸೇರಿದರೆ 430 ಚದರ ಸೆಂಟಿಮೀಟರ್, ಒಂದು 12 ಇಂಚಿಗೆ ಹತ್ತಿರ. ಆದರೆ ಆಳ ಕಡಿಮೆ ಸಾಕು, ಉದ್ದನೆಯ ಸೀಟಿನ ಕೆಳಗೆ ಒಂದೊಂದು ಕಡೆ ಒಂದೊಂದು ಕೂರುತ್ತದೆ. ಮಡಿಕೇರಿ ದಸರಾದ ಮಂಟಪಗಳ ಮುಂದೆ ನಿಂತಾಗ ಎದೆಗೆ ಗುದ್ದುವ ಆ ಸದ್ದು ಜೀಪಿನಲ್ಲಿ ಬೇಕು ಅಂತ ಕೇಳುತ್ತಾರೆ. ಅಲ್ಲಿ ತೆರೆದ ಬಯಲಿಗೆ ಅಷ್ಟು ಸ್ಪೀಕರ್ ಯಾಕೆ ಪೇರಿಸುತ್ತಾರೆ ಅಂದರೆ ಇದೇ ಕಾರಣ. ಮುಚ್ಚಿದ ಗೋಡೆಗಳ ನೆರವಿಲ್ಲದ ಕಡೆ ಎಲ್ಲ ಗಾಳಿಯನ್ನೂ ಕೋನೇ ನೂಕಬೇಕು.

ಪೋರ್ಟ್, ಅಂದರೆ ಹೊರಕ್ಕೆ ಬಾಯಿ ತೆರೆದ ಪೈಪು, ಇಟ್ಟ ಪೆಟ್ಟಿಗೆಯ ಬಗ್ಗೆಯೂ ಹೇಳಬೇಕು. ಪೈಪಿನೊಳಗಿನ ಗಾಳಿ ಒಂದು ತೂಕದ ಹಾಗೆ, ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನ ಹಾಗೆ. ಎರಡೂ ಸೇರಿ ಒಂದು ಲಯಕ್ಕೆ ತೂಗುತ್ತವೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ಸ್ವರ ಇದೇ. ಕೋನಿನ ಹಿಂದಿನ ಸದ್ದೂ ಕೆಲಸಕ್ಕೆ ಬರುವುದರಿಂದ ಅದೇ ವಾಟ್‌ಗೆ ಜೋರು ಸಿಗುತ್ತದೆ. ಆದರೆ ಚಿಕ್ಕ ಪೆಟ್ಟಿಗೆಯಲ್ಲಿ ಪೈಪೇ ಸಮಸ್ಯೆ. 20 ಲೀಟರ್ ಪೆಟ್ಟಿಗೆಯನ್ನು 38 ಹರ್ಟ್ಸ್‌ಗೆ ಹೊಂದಿಸಬೇಕಾದರೆ ಏಳೂವರೆ ಸೆಂಟಿಮೀಟರ್ ಅಗಲದ ಪೈಪು 40 ಸೆಂಟಿಮೀಟರ್ ಉದ್ದ ಬೇಕು. ಪೆಟ್ಟಿಗೆಯೇ ಅಷ್ಟಿಲ್ಲ! 5 ಸೆಂಟಿಮೀಟರಿನ ಪೈಪಾದರೆ 17 ಸೆಂಟಿಮೀಟರ್ ಸಾಕು, ಆದರೆ ಅಷ್ಟು ಕಿರಿದಾದ ಬಾಯಲ್ಲಿ ಗಾಳಿ ಬುಸ್ ಬುಸ್ ಅನ್ನುತ್ತದೆ. ಹೊಂದಿಸಿದ ಲಯಕ್ಕಿಂತ ಕೆಳಗೆ ಕೋನಿಗೆ ಸ್ಪ್ರಿಂಗೇ ಇಲ್ಲದ ಹಾಗಾಗುತ್ತದೆ, ತೀರಾ ತಗ್ಗು ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದಿದ್ದರೆ ಸಬ್ ಹರಿದುಹೋಗಬಹುದು. ಮೊದಲ ಸಲ ಮಾಡುವವರು ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿ. ಎರಡು ಲೀಟರ್ ಆಚೆಈಚೆ ಆದರೂ ಅದು ಕ್ಷಮಿಸುತ್ತದೆ, ಪೋರ್ಟ್ ಪೆಟ್ಟಿಗೆ ಕ್ಷಮಿಸುವುದಿಲ್ಲ.

ಮರದ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ಬೇರೆ ಊರಿನ ಸಲಹೆ ನಡೆಯುವುದಿಲ್ಲ. ಎಲ್ಲ ಕಡೆ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಬಳಸಿ ಅನ್ನುತ್ತಾರೆ. ಒಳ್ಳೆಯ ಹಲಗೆಯೇ, ಭಾರ, ಸಮವಾಗಿ ಕತ್ತರಿಸಬಹುದು, ಕಂಪನ ಕಡಿಮೆ. ನಾನೂ ನನ್ನ ಮೊದಲ ಪೆಟ್ಟಿಗೆಯನ್ನು ಎಂಡಿಎಫ್‌ನಲ್ಲೇ ಮಾಡಿದ್ದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಆಗಸ್ಟ್ ಹೊತ್ತಿಗೆ ಸದ್ದು ಬದಲಾದ ಹಾಗೆ ಅನಿಸಿ ಕೆಳಗಿನ ಬಟ್ಟೆ ಕಿತ್ತು ನೋಡಿದರೆ, 18 ಮಿಲಿಮೀಟರ್ ಇದ್ದ ಅಂಚು ಹಾಲಿನಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿ 23 ಆಗಿತ್ತು. ಬೆರಳಿನಿಂದ ಒತ್ತಿದರೆ ಪುಡಿ ಉದುರಿತು. ಮಳೆ ನೇರವಾಗಿ ಅದರ ಮೇಲೆ ಬಿದ್ದಿರಲಿಲ್ಲ. ಒದ್ದೆ ಕಾರ್ಪೆಟ್ಟಿನ ಮೇಲೆ ಕೂತಿತ್ತು, ಅಷ್ಟೇ. ಅವತ್ತು ನನಗೆ ನಿಜವಾಗಿ ಬೇಜಾರಾಯಿತು, ಹದಿನೈದು ದಿನದ ಕೆಲಸ ಅದು.

ಆಮೇಲಿಂದ ನಾನು ನೀರು ತಡೆಯುವ ಹಲಗೆಗೆ ಇರುವ ಭಾರತೀಯ ಮಾನಕ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಮಾತ್ರ ತರುತ್ತೇನೆ. ಬೆಲೆ ಜಾಸ್ತಿ, ಆದರೆ ಚಿಕ್ಕ ಪೆಟ್ಟಿಗೆಗೆ ಬೇಕಾಗುವುದು ಅರ್ಧ ಚದರ ಮೀಟರ್ ಚಿಲ್ಲರೆ. ಹಲಗೆಯ ಮೇಲೆ ಆ ಅಂಕಿ ಅಚ್ಚಾಗಿದೆಯಾ ಅಂತ ಕಣ್ಣಾರೆ ನೋಡಿ. ಎಂಡಿಎಫ್ ಬಳಸಲೇಬೇಕು ಅಂದರೆ ಒಳಗೂ ಹೊರಗೂ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ಎರಡು ಕೈ ಸೀಲರ್ ಹೊಡೆಯಿರಿ, ಪೆಟ್ಟಿಗೆಯ ಕೆಳಗೆ ರಬ್ಬರ್ ಕಾಲು ಕೊಟ್ಟು ಕಾರ್ಪೆಟ್ಟಿನಿಂದ ಮೇಲೆತ್ತಿ. ಮನೆಯಲ್ಲಿ ಹಲಸಿನ ಹಲಗೆ ಇದೆ, ಸಿಲ್ವರ್ ಓಕ್ ಇದೆ, ಅದರಲ್ಲೇ ಮಾಡಬಹುದಾ ಅಂತ ಕೇಳುತ್ತಾರೆ. ಚಂದ ಕಾಣುತ್ತದೆ, ನಿಜ. ಆದರೆ ಗಟ್ಟಿ ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಫೆಬ್ರವರಿ-ಮಾರ್ಚ್ ಬಿಸಿಲಿಗೆ ಕುಗ್ಗುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಪೆಟ್ಟಿಗೆ ಉಸಿರಾಡಲು ಶುರು ಮಾಡುತ್ತದೆ.

ದಪ್ಪ ಹಲಗೆ ಯಾಕೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. 8 ಇಂಚಿನ ಕೋನ್ 5 ಮಿಲಿಮೀಟರ್ ಒಳಗೆ ಹೋದರೆ 15 ಲೀಟರ್ ಪೆಟ್ಟಿಗೆಯ ಒತ್ತಡ ಒಂದು ಶೇಕಡಾ ಏರುತ್ತದೆ. ಒಂದೇ ಶೇಕಡಾ. ಆದರೆ ಮೇಲಿನ ಅಳತೆಯ ಅಗಲ ಹಲಗೆಯ ಮೇಲೆ ಅದು ಸುಮಾರು 9 ಕೆಜಿ ತೂಕಕ್ಕೆ ಸಮ. ಆ 9 ಕೆಜಿ ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ, ಸೆಕೆಂಡಿಗೆ 40 ಸಲ ನೂಕುತ್ತಿರುತ್ತದೆ. 8 ಮಿಲಿಮೀಟರ್ ಪ್ಲೈವುಡ್ ಆದರೆ ಹಲಗೆಯೇ ಸ್ಪೀಕರ್ ಆಗಿಬಿಡುತ್ತದೆ. ಅಗಲ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಿ. ಸಬ್ ಕೂರುವ ಮುಂದಿನ ಹಲಗೆಯನ್ನು ಎರಡು ಪದರ ಮಾಡಿದರೆ ಇನ್ನೂ ಒಳ್ಳೆಯದು.

ಜೋಡಿಸುವಾಗ ಅಂಚಿಗೆ ಫೆವಿಕಾಲ್ ಧಾರಾಳವಾಗಿ ಹಚ್ಚಿ, ಒತ್ತಿದಾಗ ಸಾಲಾಗಿ ಹನಿ ಹೊರಬರಬೇಕು. 3 ಮಿಲಿಮೀಟರ್ ಬಿಟ್‌ನಲ್ಲಿ ಮೊದಲು ತೂತು ಕೊರೆದೇ ಸ್ಕ್ರೂ ಹಾಕಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಮಳೆಗಾಲದಲ್ಲಿ ಫೆವಿಕಾಲ್ ಒಣಗುವುದು ನಿಧಾನ, ಎರಡು ದಿನ ಬಿಡಿ. ಸಿಲಿಕೋನ್ ಉಲ್ಟಾ, ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಜುಲೈನಲ್ಲಿ ಬೇಗ ಆಗುತ್ತದೆ. ಒಳಗಿನ ಎಲ್ಲ ಮೂಲೆಗೂ ಸಿಲಿಕೋನ್ ಎಳೆದು ಬೆರಳಿನಿಂದ ನೇವರಿಸಿ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಸಬ್ ಕೂರಿಸಬೇಡಿ, ಆ ಆವಿ ಸ್ಪೀಕರಿಗೆ ಒಳ್ಳೆಯದಲ್ಲ. ಸಬ್‌ನ ಅಂಚಿಗೆ ಸ್ಪಂಜಿನ ಟೇಪ್ ಹಾಕಿ. ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಎದುರಿನದು, ಹೀಗೆ ಕಾರಿನ ಚಕ್ರದ ನಟ್ ಬಿಗಿದ ಹಾಗೆ ಬಿಗಿಯಿರಿ.

ಜಾಗ ಸಾಲದೆ ಎರಡು ಲೀಟರ್ ಕಡಿಮೆ ಬಿದ್ದರೆ ದಿಂಬಿನ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿ. ಒತ್ತಿದಾಗ ಬಿಸಿಯಾಗುವ ಗಾಳಿಯ ಶಾಖವನ್ನು ಹತ್ತಿ ಹೀರಿಕೊಳ್ಳುತ್ತದೆ, ಸ್ಪ್ರಿಂಗ್ ಮೆತ್ತಗಾಗುತ್ತದೆ, ಪೆಟ್ಟಿಗೆ ಇದ್ದದ್ದಕ್ಕಿಂತ ದೊಡ್ಡದಾದ ಹಾಗೆ ನಡೆದುಕೊಳ್ಳುತ್ತದೆ. ಮಾಮೂಲಿ ಹತ್ತಿ ಬೇಡ, ನಮ್ಮ ಹವೆಗೆ ತೇವ ಕುಡಿದು ಮುದ್ದೆಯಾಗುತ್ತದೆ.

ಪೆಟ್ಟಿಗೆಯನ್ನು ಕಾರಿಗೆ ಬಿಗಿಯುವುದನ್ನು ದಯವಿಟ್ಟು ಮರೆಯಬೇಡಿ. ಸಬ್ ಸೇರಿ 11-12 ಕೆಜಿ ಆಗುತ್ತದೆ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ತಿರುವಿನಲ್ಲೋ ಬ್ರೇಕ್ ಒತ್ತಿದಾಗ ಅದು ಜಾರುತ್ತದೆ. ಅಪಘಾತವಾದರೆ ತನ್ನ ತೂಕದ ಎಷ್ಟೋ ಪಟ್ಟು ಬಲದಿಂದ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಮೇಲೆ ಬರುತ್ತದೆ. ಕಬ್ಬಿಣದ ಪಟ್ಟಿ, ಬೋಲ್ಟ್, ದೊಡ್ಡ ವಾಷರ್ ಹಾಕಿ ನೆಲದ ತಗಡಿಗೆ ಬಿಗಿಯಿರಿ. ಕೊರೆಯುವ ಮೊದಲು ಕಾರಿನ ಕೆಳಗೆ ತೂರಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿದೆ ನೋಡಿಕೊಳ್ಳಿ. ಕೊರೆದ ತೂತಿಗೆ ತುಕ್ಕು ಹಿಡಿಯದ ಬಣ್ಣ ಬಳಿಯಿರಿ.

ವೈರಿಂಗ್ ಬಗ್ಗೆ ಎರಡೇ ಮಾತು. 300 ವಾಟ್ ಕೊಡುವ ಕ್ಲಾಸ್ ಡಿ ಆಂಪ್ ಪೂರ್ತಿ ಓಡಿದಾಗ 27 ಆಂಪಿಯರ್ ಎಳೆಯುತ್ತದೆ. 8 ಗೇಜಿನ ಶುದ್ಧ ತಾಮ್ರದ ವೈರ್, 30 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ. ಫ್ಯೂಸ್ ಇರುವುದು ಆಂಪ್ ಉಳಿಸುವುದಕ್ಕಲ್ಲ, ವೈರಿಗೆ ಬೆಂಕಿ ಹತ್ತದಿರುವುದಕ್ಕೆ. ತಗ್ಗು ಸ್ವರಗಳನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್‌ನ್ನು 80 ಹರ್ಟ್ಸ್‌ಗೆ ಇಟ್ಟು, ಸಬ್‌ನ ಎರಡು ವೈರ್ ಅದಲುಬದಲು ಮಾಡಿ ಕೇಳಿ. ಯಾವುದರಲ್ಲಿ ಬೇಸ್ ತುಂಬಿಕೊಂಡು, ಡ್ಯಾಶ್‌ಬೋರ್ಡ್ ಕಡೆಯಿಂದ ಬಂದ ಹಾಗೆ ಕೇಳುತ್ತದೋ ಅದೇ ಸರಿ.

ಆ ಹುಡುಗನಿಗೆ ಹೊಸ ಪೆಟ್ಟಿಗೆ ಮಾಡಿದ್ದು ಜೂನ್ ಎರಡನೇ ವಾರ, ಹೊರಗೆ ಮಳೆ ಹೊಯ್ಯುತ್ತಿರುವಾಗ. ಮೇಲಿನ ಅಳತೆಯದೇ ಪೆಟ್ಟಿಗೆ, ಅವನದೇ ಸಬ್, ಅವನದೇ ಆಂಪ್. ಕೂರಿಸಿದ ಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಲು ಹೇಳಿದೆ. ಹಳೆಯ ಪೆಟ್ಟಿಗೆಯಲ್ಲಿ ಪಟಕ್ ಅಂತ ಎದ್ದುಬರುತ್ತಿದ್ದ ಕೋನ್ ಈಗ ದಪ್ಪ ಜೇನಿನಿಂದ ಮೇಲೆ ಬಂದ ಹಾಗೆ ನಿಧಾನವಾಗಿ ಬಂತು. ಗಾಳಿ ಮೊದಲಿನ ಹಾಗೆ ಸಲೀಸಾಗಿ ಒಳಗೆ ಹೊರಗೆ ಓಡಾಡುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಅವನು ಮೊಬೈಲಿನಲ್ಲಿದ್ದ ಪುತ್ತರಿಯ ವಾಲಗದ ರೆಕಾರ್ಡಿಂಗ್ ಹಾಕಿದ. ಕೊಂಬಿನ ಸದ್ದು ಮುಂದಿನ ಬಾಗಿಲುಗಳಿಂದ ಬಂತು, ಕೊಟ್ಟು ಅನ್ನುವ ಚರ್ಮವಾದ್ಯದ ಏಟು ಸೀಟಿನ ಬೆನ್ನಿಗೆ ತಾಗಿತು. ಏಟು ಬಿದ್ದ ಸದ್ದು ಒಂದು, ಏಟಿನ ನಂತರ ತೊಗಲು ಗುಂಯ್ ಅನ್ನುವುದು ಇನ್ನೊಂದು, ಎರಡೂ ಬೇರೆಬೇರೆಯಾಗಿ ಕೇಳಿದವು. ಅವನು ಏನೂ ಮಾತಾಡಲಿಲ್ಲ, ಅದನ್ನೇ ಇನ್ನೊಮ್ಮೆ ಹಾಕಿದ.

ತುಲಾ ಸಂಕ್ರಮಣ ಕಳೆದ ಮೇಲೆ ಕಾರು ತರಲು ಹೇಳಿದ್ದೇನೆ. ಒಂದು ಮಳೆಗಾಲ ಕಂಡ ಮೇಲೆ ಸ್ಕ್ರೂ ಬಿಗಿ ನೋಡಬೇಕು, ಕೆಳಗಿನ ಬಟ್ಟೆ ಎತ್ತಿ ಅಂಚು ಮುಟ್ಟಬೇಕು, ಮೂಲೆಗೆಲ್ಲ ಮತ್ತೊಮ್ಮೆ ಊದುಬತ್ತಿ ಹಿಡಿಯಬೇಕು.